ಆಮ್ಲದಲ್ಲಿ ಕರಗಿದ ವಿಷಲೋಹಗಳು ಮತ್ತು ಅವುಗಳ ನಿಷ್ಕರ್ಷಣೆ

ಬ್ಯಾಡಗಿ ಮೆಣಸಿನಕಾಯಿ ಹಾಕಿ ಮಾಡಿದ ಸಾರನ್ನು ಒಲೆಯಿಂದಿಳಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, ಒಗ್ಗರಣೆಯ ಎಣ್ಣೆಯ ಹನಿಗಳು ಕೆಂಪಾಗಿ ಮೇಲೆ ತೇಲುತ್ತಿರುವುದು ಕಾಣುತ್ತದೆ. ಕೆಳಗಿನ ನೀರಿಗಿಂತ ಆ ಹನಿಗಳ ಕೆಂಪು ಎಷ್ಟೋ ಪಾಲು ಗಾಢವಾದುದು. ಮೆಣಸಿನಕಾಯಿಯ ಬಣ್ಣಕ್ಕೆ ನೀರಿನಲ್ಲಿ ನೆಲೆಯಿಲ್ಲ, ಎಣ್ಣೆಯಲ್ಲಿ ಉಂಟು. ಆದುದರಿಂದ ಅದು ಎಣ್ಣೆ ದೊರೆತೊಡನೆ ಅದರೊಳಗೆ ಸೇರಿಕೊಳ್ಳುತ್ತದೆ. ಉಪ್ಪಿನ ಸ್ವಭಾವ ಇದಕ್ಕೆ ವಿರುದ್ಧ. ಎಣ್ಣೆಯನ್ನು ಎಷ್ಟು ಸುರಿದರೂ ಉಪ್ಪು ನೀರನ್ನು ಬಿಟ್ಟು ಕದಲುವುದಿಲ್ಲ. ಒಂದರೊಡನೊಂದು ಬೆರೆಯದ ಎರಡು ದ್ರವಗಳನ್ನು ಒಂದೇ ಪಾತ್ರೆಯಲ್ಲಿ ಕಲಕಿದಾಗ, ಕರಗಿದ ವಸ್ತುಗಳು ತಮ್ಮ ತಮ್ಮ ಗುಣಕ್ಕೆ ತಕ್ಕಂತೆ ಆ ಎರಡರಲ್ಲಿ ಹಂಚಿಹೋಗುವುವು. ಇಷ್ಟೇ ಮಾತನ್ನು ಆಧಾರವಾಗಿಟ್ಟುಕೊಂಡು ರಸಾಯನಶಾಸ್ತ್ರಜ್ಞರು ಒಂದು ದೊಡ್ಡ ವಿಧಾನವನ್ನೇ ಕಟ್ಟಿದ್ದಾರೆ. ಅದಕ್ಕೆ ದ್ರಾವಕ ನಿಷ್ಕರ್ಷಣೆ ಎಂದು ಹೆಸರು. ನಿಷ್ಕರ್ಷೆ ಎಂದರೆ ವ್ಯವಹಾರದಲ್ಲಿ ತೀರ್ಮಾನವೆಂಬ ಅರ್ಥ ರೂಢಿಯಾಗಿದೆ. ಇಲ್ಲಿ ಅದರ ಮೂಲಾರ್ಥವಾದ 'ಹೊರಗೆ ಎಳೆದು ತೆಗೆಯುವುದು' ಎಂಬುದನ್ನೇ ಹಿಡಿಯತಕ್ಕದ್ದು.

ಈ ವಿಧಾನದಿಂದ ಆಮ್ಲದ ನೀರಿನಲ್ಲಿ ಅಡಗಿರುವ ಪಾದರಸ, ಕ್ಯಾಡ್ಮಿಯಮ್, ಕ್ರೋಮಿಯಮ್ ಮೊದಲಾದ ವಿಷಲೋಹಗಳನ್ನು ಹೊರಗೆ ತೆಗೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಆಮ್ಲವೇ ಏಕೆ ಎಂದು ಕೇಳಬಹುದು. ಲೋಹಗಳನ್ನು ಕರಗಿಸುವ ಶಕ್ತಿ ಆಮ್ಲಗಳಿಗಿರುವುದರಿಂದ, ಲೋಹದ ಕೆಲಸ ನಡೆಯುವಲ್ಲೆಲ್ಲ ಅವುಗಳ ಬಳಕೆಯೂ ಉಂಟು. ಅದಿರಿನಿಂದ ಸತುವನ್ನು ಪಡೆಯಲು ಗಂಧಕಾಮ್ಲ ಬೇಕು. ಉಕ್ಕಿನ ಮೇಲಿನ ತುಕ್ಕನ್ನು ತೊಳೆಯಲು ಹೈಡ್ರೊಕ್ಲೋರಿಕ್ ಆಮ್ಲ ಬೇಕು. ನಲ್ಲಿ, ಬಾಗಿಲ ಹಿಡಿಕೆ, ಸೈಕಲ್ಲಿನ ಹ್ಯಾಂಡಲ್ ಇವುಗಳಿಗೆ ಹೊಳೆಯುವ ಲೇಪವನ್ನು ಕೊಡುವ ತೊಟ್ಟಿಯಲ್ಲಿ ಕ್ರೋಮಿಕ್ ಆಮ್ಲವಿರುತ್ತದೆ. ಲೇಪವಾದ ವಸ್ತುವನ್ನು ತೊಳೆದ ನೀರು ಎಲ್ಲಿಗೋ ಹರಿಯಲೇಬೇಕಷ್ಟೆ.

ಹಾಗೆ ಹರಿದ ನೀರಿನಿಂದ ಆದ ಅನರ್ಥಗಳಲ್ಲಿ ಎರಡನ್ನು ತಿಳಿದಿರಬೇಕು. ಜಪಾನಿನ ಮಿನಮಾತ ಎಂಬ ಊರಿನ ಕೊಲ್ಲಿಯ ದಡದಲ್ಲಿ ಒಂದು ರಾಸಾಯನಿಕ ಕಾರ್ಖಾನೆಯಿತ್ತು. ಅಲ್ಲಿ ಅಸಿಟಾಲ್ಡಿಹೈಡ್ ತಯಾರಿಸಲು ಗಂಧಕಾಮ್ಲದಲ್ಲಿ ಪಾದರಸದ ಲವಣವನ್ನು ಬಳಸುತ್ತಿದ್ದರು. ಪಾದರಸದ ಒಂದಂಶ ಮೀಥೈಲ್ ಪಾದರಸವೆಂಬ ಘೋರ ವಿಷವಾಗಿ ಸಮುದ್ರ ಸೇರಿತು. ಅಲ್ಲಿಂದ ಮೀನಿಗೆ, ಮೀನಿನಿಂದ ಬೆಸ್ತರ ಮನೆಗಳಿಗೆ ಹೋಯಿತು. ಕೈಕಾಲು ಸ್ವಾಧೀನ ತಪ್ಪಿ, ಮಾತು ತೊದಲಿ, ದೃಷ್ಟಿ ಕುಗ್ಗುವ ಈ ರೋಗವನ್ನು ೧೯೫೬ರಲ್ಲಿ ಮೊದಲು ಅಧಿಕೃತವಾಗಿ ಗುರುತಿಸಿದರು. ಆದರೆ ಪಾದರಸದ ಆ ಕ್ರಮ ನಿಂತದ್ದು ೧೯೬೮ರಲ್ಲಿ. ನಡುವಿನ ಹನ್ನೆರಡು ವರ್ಷಗಳ ವಿಷಯವನ್ನು ಓದಿದಾಗ ಮನಸ್ಸು ಮುದುಡುತ್ತದೆ. ಅದೇ ದೇಶದ ಜಿನ್‌ಜು ನದಿಯ ಬಯಲಿನಲ್ಲಿ, ಮೇಲ್ಗಡೆಯ ಸತುವಿನ ಗಣಿಯಿಂದ ಬಂದ ಕ್ಯಾಡ್ಮಿಯಮ್ ಗದ್ದೆಯ ನೀರಿಗೆ ಸೇರಿ ಅಕ್ಕಿಯನ್ನು ಹೊಕ್ಕಿತು. ಅದನ್ನುಂಡವರ ಮೂಳೆಗಳು ಮೆತ್ತಗಾಗಿ, ಕೆಮ್ಮಿದರೂ ಮುರಿಯುವಷ್ಟು ದುರ್ಬಲವಾದುವು. ರೋಗಿಗಳು 'ನೋವು, ನೋವು' ಎಂದು ನರಳುತ್ತಿದ್ದ ಮಾತೇ, 'ಇತಾಯಿ ಇತಾಯಿ' ಎಂದು, ರೋಗದ ಹೆಸರಾಯಿತು.

ಕೊಳೆತ ಎಲೆ, ಅನ್ನದ ಗಂಜಿ, ಸಾಬೂನು ಇವು ನೀರಿಗೆ ಬಿದ್ದರೆ ಕಾಲಕ್ರಮದಲ್ಲಿ ಸೂಕ್ಷ್ಮಜೀವಿಗಳು ಅವುಗಳನ್ನು ಒಡೆದುಹಾಕುವುವು. ಲೋಹ ಧಾತುವಾದುದರಿಂದ ಅದನ್ನು ಒಡೆಯುವಂತಿಲ್ಲ, ಸುಡುವಂತಿಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದು, ಅಷ್ಟೆ. ನಮ್ಮ ದೇಶದ ಕುಡಿಯುವ ನೀರಿನ ಮಾನಕದಂತೆ ಒಂದು ಲೀಟರಿನಲ್ಲಿ ಕ್ಯಾಡ್ಮಿಯಮ್ ೦.೦೦೩ ಮಿಲಿಗ್ರಾಂ, ಪಾದರಸ ೦.೦೦೧ ಮಿಲಿಗ್ರಾಂ, ಸೀಸ ೦.೦೧ ಮಿಲಿಗ್ರಾಂ ಮೀರಕೂಡದು. ಈ ಅಂಕಿಗಳು ಸಣ್ಣವೆಂದು ಕಣ್ಣು ಹಾಯಿಸಿ ಬಿಡಬೇಡಿ. ಒಂದೇ ಒಂದು ಗ್ರಾಂ ಕ್ಯಾಡ್ಮಿಯಮ್, ಹತ್ತು ಸಾವಿರ ಲೀಟರಿನ ಮೂವತ್ತಮೂರು ಟ್ಯಾಂಕರುಗಳ ನೀರನ್ನು ಈ ಮಿತಿಗೆ ಮುಟ್ಟಿಸಬಲ್ಲದು.

ಇಂಥ ನೀರಿಗೆ ಸುಣ್ಣ ಬೆರಸುವುದು ಹಳೆಯ ಉಪಾಯ. ಸುಣ್ಣವು ಆಮ್ಲವನ್ನು ತಟಸ್ಥಗೊಳಿಸಿ, ಲೋಹಗಳನ್ನು ಹೈಡ್ರಾಕ್ಸೈಡುಗಳಾಗಿ ತಳಕ್ಕೆ ಇಳಿಸುತ್ತದೆ. ಅಗ್ಗವೂ ಸುಲಭವೂ ಆದ ಈ ಕ್ರಮ ಇಂದಿಗೂ ಬಹಳ ಕಡೆ ನಡೆದಿದೆ. ಆದರೆ ಇದರ ಕುಂದುಗಳೂ ಕಡಮೆಯಲ್ಲ. ಒಂದು ಲೋಹ ಚೆನ್ನಾಗಿ ಇಳಿಯುವ ಕ್ಷಾರತೆಯಲ್ಲಿ ಇನ್ನೊಂದು ಮತ್ತೆ ಕರಗಲು ತೊಡಗುತ್ತದೆ. ಕ್ರೋಮಿಯಮ್ ತನ್ನ ಅತ್ಯಂತ ವಿಷಮಯವಾದ ಆರನೆಯ ಸಂಯೋಗಸ್ಥಿತಿಯಲ್ಲಿದ್ದಾಗ ಸುಣ್ಣಕ್ಕೆ ಜಗ್ಗುವುದೇ ಇಲ್ಲ; ಮೊದಲು ಅದನ್ನು ಅಪಕರ್ಷಿಸಿ ಮೂರನೆಯ ಸ್ಥಿತಿಗೆ ತರಬೇಕು. ಕೊನೆಗೆ ಉಳಿಯುವುದು ಎಲ್ಲ ಲೋಹಗಳೂ ಕಲಸಿಹೋದ ಕೆಸರಿನ ರಾಶಿ. ಅದನ್ನು ಯಾರೂ ಕೊಳ್ಳರು. ಎಲ್ಲಿಯಾದರೂ ಹೂತು, ಮಳೆಯ ನೀರು ತಾಗದಂತೆ ಕಾಯುತ್ತ ಕೂಡಬೇಕು. ವಿಷದ ವಿಳಾಸ ಬದಲಾಯಿತೇ ಹೊರತು ವಿಷ ಹೋಗಲಿಲ್ಲ.

ಇನ್ನು ನಿಷ್ಕರ್ಷಣೆಯ ವಿಷಯ. ಅದರ ಚಲನೆಯನ್ನು ಕಣ್ಣಾರೆ ಕಾಣಲು ಶಾಲೆಯ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಎದುರಿನಲ್ಲಿ, ಬೆಂಕಿಯಿಂದ ದೂರವಾಗಿ, ಒಂದು ಸಣ್ಣ ಪ್ರಯೋಗವನ್ನು ಮಾಡಬಹುದು. ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೊಡಿನ್ನಿನ ಕೆಲವು ಹನಿಗಳನ್ನು ಪರೀಕ್ಷಾನಳಿಗೆಯ ನೀರಿನಲ್ಲಿ ಹಾಕಿದರೆ ನೀರು ಹಳದಿಯಾಗುವುದು. ಅದರ ಮೇಲೆ ಬಣ್ಣವಿಲ್ಲದ ಶೀಮೆಎಣ್ಣೆಯನ್ನು (ಧಾರವಾಡದ ಕಡೆಯವರ ಚಿಮಣಿ ಎಣ್ಣೆ) ಹಾಕಿ, ಬಿರಡೆಯಿಟ್ಟು ಅಲುಗಿಸಿ, ನಿಲ್ಲಲು ಬಿಡಿ. ಮೇಲಿನ ಎಣ್ಣೆಯ ಸ್ತರ ನಸುಗೆಂಪು ಇಲ್ಲವೆ ನೇರಳೆಗೆ ತಿರುಗಿ, ಕೆಳಗಿನ ನೀರಿನ ಹಳದಿ ಕುಗ್ಗಿರುವುದು. ಅಯೊಡಿನ್ ಸ್ಥಳ ಬದಲಿಸಿತು. ಈಗ ಆ ಬಣ್ಣದ ಎಣ್ಣೆಯನ್ನು ಬೇರೆ ತೆಗೆದು, ಛಾಯಾಚಿತ್ರಗಾರರು ಬಳಸುವ ಹೈಪೊವಿನ ನೀರಿನೊಡನೆ ಅಲುಗಿಸಿದರೆ ಎಣ್ಣೆಯ ಬಣ್ಣ ಮಾಯವಾಗುತ್ತದೆ. ಅಯೊಡಿನ್ ಅಯೊಡೈಡಾಗಿ ಮತ್ತೆ ನೀರಿಗೆ ಇಳಿಯಿತು, ಎಣ್ಣೆ ಬರಿದಾಗಿ ಮರುಬಳಕೆಗೆ ಸಿದ್ಧವಾಯಿತು. ಈ ಏರಿಸುವಿಕೆ ಮತ್ತು ಇಳಿಸುವಿಕೆಗಳೇ ನಿಷ್ಕರ್ಷಣೆಯ ಎರಡು ಅಂಗಗಳು. ಎಂಥ ದೊಡ್ಡ ಕಾರ್ಖಾನೆಯಲ್ಲಿಯೂ ಮೂರನೆಯದು ಇಲ್ಲವೆಂದೇ ಹೇಳಬಹುದು.

ಆದರೆ ಲೋಹವು ಅಯೊಡಿನ್ನಿನಷ್ಟು ವಿಧೇಯವಲ್ಲ. ಆಮ್ಲದಲ್ಲಿ ಕರಗಿದ ಲೋಹ ಧನವಿದ್ಯುದಂಶವುಳ್ಳ ಅಯಾನಾಗಿರುತ್ತದೆ. ಅದರ ಸುತ್ತ ನೀರಿನ ಅಣುಗಳು ಕವಚದಂತೆ ಅಂಟಿಕೊಂಡಿರುತ್ತವೆ. ಎಣ್ಣೆಗೆ ವಿದ್ಯುದಂಶವೂ ಸಲ್ಲದು, ನೀರಿನ ಕವಚವೂ ಸಲ್ಲದು. ಹೀಗಿರಲು ಬರಿಯ ಶೀಮೆಎಣ್ಣೆಯೊಡನೆ ಎಷ್ಟು ಕಲಕಿದರೂ ಲೋಹ ಮೇಲೇಳುವುದಿಲ್ಲ. ಅದರ ವಿದ್ಯುದಂಶವನ್ನು ಸರಿದೂಗಿಸಿ, ಕವಚವನ್ನು ಕಳಚಿಸಿ, ಎಣ್ಣೆಗೆ ಒಪ್ಪುವ ಉಡುಪು ತೊಡಿಸಿ ಕರೆದೊಯ್ಯುವ ಒಬ್ಬ ಮಧ್ಯಸ್ಥ ಬೇಕು. ಅಂಥ ಪದಾರ್ಥವನ್ನು ನಿಷ್ಕರ್ಷಕವೆನ್ನುತ್ತೇವೆ. ಅದು ಮೂರು ಬಗೆಯಲ್ಲಿ ಕೆಲಸ ಮಾಡುತ್ತದೆ.

ಮೊದಲನೆಯದು ವಿನಿಮಯ. ಡೈ-ಎಥಿಲ್-ಹೆಕ್ಸೈಲ್ ಫಾಸ್ಫಾರಿಕ್ ಆಮ್ಲ ಎಂಬುದು ಎಣ್ಣೆಯಲ್ಲಿ ಕರಗುವ ಒಂದು ಆಮ್ಲ. ಹೆಸರು ಉದ್ದವಾದರೂ ಕೆಲಸ ಸರಳ: ತನ್ನ ಹೈಡ್ರೊಜನ್ನನ್ನು ನೀರಿಗೆ ಕೊಟ್ಟು ಲೋಹವನ್ನು ತಾನು ತೆಗೆದುಕೊಳ್ಳುವುದು. ಎರಡು ಸಂಯೋಗಶಕ್ತಿಯ ಸತುವೋ ಕ್ಯಾಡ್ಮಿಯಮ್ಮೋ ಆದರೆ ಒಂದು ಅಯಾನಿಗೆ ಎರಡು ಹೈಡ್ರೊಜನ್ ಅಯಾನುಗಳ ಬೆಲೆ. ನೀರಿನಲ್ಲಿ ಮೊದಲೇ ಆಮ್ಲ ಹೆಚ್ಚಾಗಿದ್ದರೆ ಈ ವ್ಯಾಪಾರ ಹಿಂದಕ್ಕೆ ಸರಿಯುತ್ತದೆ; ಆಮ್ಲ ಕಡಮೆಯಾದಂತೆ ಮುಂದುವರಿಯುತ್ತದೆ. ಪಿಎಚ್ ಒಂದು ಅಂಕ ಏರಿದರೆ, ಆದರ್ಶಸ್ಥಿತಿಯಲ್ಲಿ, ಎಣ್ಣೆಗೆ ಹೋಗುವ ಒಲವು ನೂರು ಪಟ್ಟು ಏರುವುದು. ಈ ಸೂಕ್ಷ್ಮದಿಂದ ಒಂದು ಲಾಭವುಂಟು. ಹೆಚ್ಚು ಆಮ್ಲವಿರುವಾಗಲೇ ಸತು ಎಣ್ಣೆಗೆ ಹೋಗುತ್ತದೆ, ಕ್ಯಾಡ್ಮಿಯಮ್ ಹಿಂದೆ ಉಳಿಯುತ್ತದೆ. ಅನಂತರ ಆಮ್ಲವನ್ನು ಕಡಮೆ ಮಾಡಿದರೆ ಕ್ಯಾಡ್ಮಿಯಮ್ಮಿನ ಸರದಿ. ಅದಿರಿನಲ್ಲಿ ಯಾವಾಗಲೂ ಜೊತೆಗೂಡಿಯೇ ಇರುವ ಈ ಜೋಡಿಯನ್ನು ಹೀಗೆ ಅಗಲಿಸಬಹುದು. ತುಂಬಿದ ಎಣ್ಣೆಯನ್ನು ಬರಿದು ಮಾಡಲು ತೀಕ್ಷ್ಣ ಗಂಧಕಾಮ್ಲವೊಂದಿದ್ದರೆ ಸಾಕೆಂಬುದು ನಿಮಗೆ ಹೊಳೆದಿರಬೇಕು.

ಎರಡನೆಯದು ಜೋಡಿಕಟ್ಟುವಿಕೆ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕ್ಯಾಡ್ಮಿಯಮ್ ನಾಲ್ಕು ಕ್ಲೋರೈಡುಗಳನ್ನು ಕೂಡಿಸಿಕೊಂಡು ಧನವಾಗಿದ್ದುದು ಋಣವಾಗಿಬಿಡುತ್ತದೆ. ಪಾದರಸವೂ ಹಾಗೆಯೇ. ಇಲ್ಲಿ ಟ್ರೈ ಆಕ್ಟೈಲ್ ಅಮೀನಿನಂಥ, ಅಮೋನಿಯದ ದೂರದ ನಂಟನಾದ, ಎಣ್ಣೆಯಲ್ಲಿ ಕರಗುವ ಪ್ರತ್ಯಾಮ್ಲವನ್ನು ಬಳಸುವರು. ಅದು ಆಮ್ಲದಿಂದ ಹೈಡ್ರೊಜನ್ ಅಯಾನನ್ನು ಪಡೆದು ತಾನು ಧನವಾಗಿ, ಋಣವಾದ ಲೋಹದ ಗುಂಪಿನೊಡನೆ ಜೋಡಿಯಾಗಿ ಎಣ್ಣೆಗೆ ಸೇರುತ್ತದೆ. ಮೊದಲನೆಯ ಬಗೆಗೆ ಆಮ್ಲ ವಿಘ್ನ. ಎರಡನೆಯದಕ್ಕೆ ಆಮ್ಲವೇ ಆಧಾರ. ನಿಕ್ಕೆಲ್ ಲೋಹಕ್ಕೆ ಹೀಗೆ ಕ್ಲೋರೈಡುಗಳನ್ನು ಕೂಡಿಸಿಕೊಳ್ಳುವ ಅಭ್ಯಾಸ ಇಲ್ಲವೆನ್ನುವಷ್ಟು ಕಡಮೆ. ಆದುದರಿಂದ ಹಳೆಯ ನಿಕ್ಕೆಲ್-ಕ್ಯಾಡ್ಮಿಯಮ್ ಬ್ಯಾಟರಿಗಳನ್ನು ಈ ಆಮ್ಲದಲ್ಲಿ ಕರಗಿಸಿ ಅಮೀನಿನೊಡನೆ ಕಲಕಿದರೆ, ಕ್ಯಾಡ್ಮಿಯಮ್ ಮೇಲಕ್ಕೆ ಹೋಗಿ ನಿಕ್ಕೆಲ್ ಕೆಳಗೆ ಉಳಿಯುವುದು.

ಮೂರನೆಯ ಬಗೆಯನ್ನು ಮುಂದೆ ಟ್ರಾಂಬೆಯ ಪ್ರಸ್ತಾಪದಲ್ಲಿ ಹೇಳುವೆವು.

ಲೇಪದ ತೊಟ್ಟಿಯ ಕ್ರೋಮಿಯಮ್ಮಿಗೆ ಅಮೀನ್ ಒಳ್ಳೆಯ ಮದ್ದು. ಆಮ್ಲದಲ್ಲಿ ಕ್ರೋಮಿಯಮ್ ಕಿತ್ತಿಳೆ ಬಣ್ಣದ ಋಣ ಅಯಾನಾಗಿಯೇ ಇರುವುದರಿಂದ ಅದನ್ನು ಅಮೀನ್ ಸುಲಭವಾಗಿ ಸೆಳೆಯುವುದು. ಬಳಿಕ ಎಣ್ಣೆಯನ್ನು ಕಾಸ್ಟಿಕ್ ಸೋಡದ ದ್ರಾವಣದೊಡನೆ ಕಲಕಿದರೆ ಹಳದಿ ಬಣ್ಣದ ಸೋಡಿಯಮ್ ಕ್ರೋಮೇಟ್ ದೊರೆಯುವುದು; ಅದು ಕೆಸರಲ್ಲ, ಬೆಲೆಯುಳ್ಳ ಸರಕು. ನದಿ ಕೆರೆಗಳಿಗೆ ಬಿಡುವ ಕಾರ್ಖಾನೆಯ ನೀರಿನಲ್ಲಿ ಈ ಬಗೆಯ ಕ್ರೋಮಿಯಮ್ ಲೀಟರಿಗೆ ೦.೧ ಮಿಲಿಗ್ರಾಂ ಮೀರಕೂಡದೆಂದು ನಮ್ಮ ದೇಶದಲ್ಲಿ ನಿಯಮವಿದೆ. ತೊಳೆದ ನೀರಿನಲ್ಲಿ ಲೀಟರಿಗೆ ೫೦ ಮಿಲಿಗ್ರಾಂ ಇದೆಯೆಂದೂ, ಎಣ್ಣೆಯಲ್ಲಿನ ಸಾಂದ್ರತೆ ಯಾವಾಗಲೂ ನೀರಿನಲ್ಲಿನ ಸಾಂದ್ರತೆಯ ೯ ಪಟ್ಟು ಇರುವಂತೆ ಹಂಚಿಕೆಯಾಗುವುದೆಂದೂ ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಲೇಖನದ ತಿರುಳು ಇಲ್ಲಿದೆ; ಕಾಗದ ಪೆನ್ಸಿಲು ಹಿಡಿದೇ ಓದಿರಿ.

ನೀರು ೯೦ ಮಿಲಿಲೀಟರ್. ಎಣ್ಣೆಯೂ ೯೦ ಮಿಲಿಲೀಟರ್ ಇದೆ. ಎಲ್ಲವನ್ನೂ ಒಂದೇ ಸಲ ಹಾಕಿ ಕಲಕಿದರೆ ಹತ್ತು ಪಾಲಿನಲ್ಲಿ ಒಂಬತ್ತು ಎಣ್ಣೆಗೆ ಹೋಗಿ ಒಂದು ನೀರಿನಲ್ಲುಳಿಯುವುದು. ಅಂದರೆ ಲೀಟರಿಗೆ ೫ ಮಿಲಿಗ್ರಾಂ. ನಿಯಮದ ಐವತ್ತು ಪಟ್ಟು! ಅದೇ ಎಣ್ಣೆಯನ್ನು ಹತ್ತು ಹತ್ತು ಮಿಲಿಲೀಟರಿನಂತೆ ಒಂಬತ್ತು ಸಲ ಹಾಕಿ, ಪ್ರತಿ ಸಲವೂ ಬೇರ್ಪಡಿಸಿದರೆ? ಹತ್ತು ಮಿಲಿಲೀಟರ್ ಎಣ್ಣೆಗೆ ಒಂಬತ್ತು ಪಟ್ಟು ಸಾಂದ್ರತೆ, ತೊಂಬತ್ತು ಮಿಲಿಲೀಟರ್ ನೀರಿಗೆ ಒಂದು ಪಟ್ಟು, ಎರಡೂ ಸಮ. ಪ್ರತಿ ಸಲ ಇರುವುದರಲ್ಲಿ ಅರ್ಧ ಹೋಗುವುದು. ೫೦ ಇದ್ದುದು ೨೫, ೧೨.೫, ೬.೨೫ ಹೀಗೆ ಇಳಿದು ಒಂಬತ್ತನೆಯ ಸಲಕ್ಕೆ ೦.೦೯೮ ಆಗುವುದು. ಎಣ್ಣೆ ಅಷ್ಟೇ, ನೀರು ಅಷ್ಟೇ. ಆದರೆ ಒಂದು ಕಡೆ ನಿಯಮಭಂಗ, ಇನ್ನೊಂದು ಕಡೆ ನಿಯಮಪಾಲನೆ. ನಲ್ಲಿಯ ನೀರು ಗಂಟೆಯ ಲೆಕ್ಕದಲ್ಲಿ ಬರುವ ಚಾಳಿನ ಮನೆಯಲ್ಲಿ ತಾಯಂದಿರು ಒಂದು ಬಕೆಟ್ ನೀರನ್ನು ಮೂರು ಪಾಲು ಮಾಡಿ ಬಟ್ಟೆಯ ಸಾಬೂನನ್ನು ತೆಗೆಯುವುದು ಇದೇ ಗಣಿತದಿಂದ.

ಇನ್ನೂ ಜಾಣತನದ ದಾರಿಯೊಂದಿದೆ. ಕಡೆಯ ಸಲ ಜಾಲಿಸಿದ ನೀರು ಹೆಚ್ಚುಕಡಮೆ ಶುದ್ಧವೇ. ಅದನ್ನು ಚೆಲ್ಲದೆ ಮುಂದಿನ ಬಟ್ಟೆಯ ಮೊದಲ ಜಾಲಿಕೆಗೆ ಬಳಸುವವರುಂಟು. ಕಾರ್ಖಾನೆಯಲ್ಲಿಯೂ ಹಾಗೆ: ಆಮ್ಲದ ನೀರು ಒಂದು ತುದಿಯಿಂದ, ಎಣ್ಣೆ ಎದುರು ತುದಿಯಿಂದ ಹೊರಟು, ಸಾಲಾಗಿಟ್ಟ ತೊಟ್ಟಿಗಳಲ್ಲಿ ಒಂದನ್ನೊಂದು ಸಂಧಿಸುತ್ತ ಸಾಗುತ್ತವೆ. ಬಹುಮಟ್ಟಿಗೆ ಶುದ್ಧವಾದ ನೀರು ಹೊಸ ಎಣ್ಣೆಯನ್ನು ಕಾಣುತ್ತದೆ. ಬಹುಮಟ್ಟಿಗೆ ತುಂಬಿದ ಎಣ್ಣೆ ಹೊಸ ಕೊಳೆನೀರನ್ನು ಕಾಣುತ್ತದೆ. ಇದನ್ನು ಪ್ರತಿಮುಖ ಪ್ರವಾಹವೆನ್ನುವರು. ಹೀಗೆ ಮಾಡಿದಾಗ ನಮ್ಮ ಲೆಕ್ಕದ ಅದೇ ಪ್ರಮಾಣದ ಎಣ್ಣೆಯಿಂದ, ಕೇವಲ ಮೂರು ತೊಟ್ಟಿಗಳಲ್ಲಿ, ಉಳಿಯುವ ಪಾಲು ೧ನ್ನು (೧ + ೯ + ೮೧ + ೭೨೯) ಇದರಿಂದ ಭಾಗಿಸಿದಷ್ಟು, ಎಂದರೆ ೮೨೦ರಲ್ಲಿ ಒಂದು. ಲೀಟರಿಗೆ ೦.೦೬೧ ಮಿಲಿಗ್ರಾಂ. ನಾಲ್ಕು ತೊಟ್ಟಿಗಳಿದ್ದರೆ ಎಣ್ಣೆ ಅರ್ಧವಾದರೂ ನಿಯಮದೊಳಗೆ ಇರಬಹುದು. ೯ರ ಬದಲು ೪.೫ ಇಟ್ಟು, ೪.೫ರ ನಾಲ್ಕನೆಯ ಘಾತದವರೆಗೆ ಕೂಡಿ ಪರೀಕ್ಷಿಸಿ ನೋಡಿರಿ.

ಈಗ ಟ್ರಾಂಬೆ. ಮುಂಬಯಿಯ ಪೂರ್ವ ತೀರದ ಈ ಸ್ಥಳದಲ್ಲಿ ೧೯೬೦ರಿಂದ ೨೦೧೦ರ ಕೊನೆಯವರೆಗೆ ಸೈರಸ್ ಎಂಬ ಪರಮಾಣು ಸ್ಥಾವರ ನಡೆಯಿತು. ಅದರಲ್ಲಿ ಉರಿದ ಯುರೇನಿಯಮ್ ಸಲಾಕೆಗಳಲ್ಲಿ ಮೂರು ಬಗೆಯ ವಸ್ತುಗಳಿರುತ್ತಿದ್ದುವು: ಉಳಿದ ಯುರೇನಿಯಮ್, ಹೊಸದಾಗಿ ಹುಟ್ಟಿದ ಅಲ್ಪ ಪ್ರಮಾಣದ ಪ್ಲುಟೋನಿಯಮ್, ಮತ್ತು ಸೀಸಿಯಮ್, ಸ್ಟ್ರಾಂಷಿಯಮ್ ಮೊದಲಾದ ತೀವ್ರ ವಿಕಿರಣಶೀಲ ವಿದಳನಶೇಷಗಳು. ಇವುಗಳನ್ನು ಬೇರ್ಪಡಿಸಲು ಹೋಮಿ ಸೇಠ್ನಾ ಅವರ ನೇತೃತ್ವದಲ್ಲಿ ಭಾರತೀಯ ವಿಜ್ಞಾನಿಗಳೂ ಎಂಜಿನಿಯರರೂ ಕಟ್ಟಿದ ಪ್ಲುಟೋನಿಯಮ್ ಕಾರ್ಖಾನೆ ೧೯೬೪ರಲ್ಲಿ ಕೆಲಸ ತೊಡಗಿತು. ೧೯೬೫ರ ಜನವರಿಯಲ್ಲಿ ಪ್ರಧಾನಮಂತ್ರಿ ಲಾಲ್ ಬಹಾದುರ್ ಶಾಸ್ತ್ರಿಯವರು ಅದನ್ನು ಉದ್ಘಾಟಿಸಿದರು. ಅಂದು ಈ ವಿದ್ಯೆ ಬಲ್ಲ ರಾಷ್ಟ್ರಗಳು ಬೆರಳೆಣಿಕೆಯಷ್ಟು.

ಅಲ್ಲಿ ನಡೆಯುತ್ತಿದ್ದುದು ನಾವು ಹೇಳುತ್ತಿರುವ ನಿಷ್ಕರ್ಷಣೆಯೇ. ಸಲಾಕೆಗಳ ಅಲ್ಯೂಮಿನಿಯಮ್ ಹೊದಿಕೆಯನ್ನು ಕಾಸ್ಟಿಕ್ ಸೋಡದಿಂದ ಕಳಚಿ, ಒಳಗಿನದನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಶೀಮೆಎಣ್ಣೆಯ ಜಾತಿಯ ದ್ರವದಲ್ಲಿ ಬೆರಸಿದ ಟ್ರೈ ಬ್ಯುಟೈಲ್ ಫಾಸ್ಫೇಟಿನೊಡನೆ ಸಂಧಿಸುವಂತೆ ಮಾಡುವರು. ಈ ನಿಷ್ಕರ್ಷಕ ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ. ಯುರೇನಿಯಮ್ ತನ್ನ ನೈಟ್ರೇಟುಗಳೊಡನೆ ತಾನೇ ತಟಸ್ಥವಾಗಿರುವಾಗ, ಇದರ ಎರಡು ಅಣುಗಳು ನೀರನ್ನು ಸರಿಸಿ ಆ ಸ್ಥಳದಲ್ಲಿ ನಿಲ್ಲುತ್ತವೆ. ಇದೇ ಮೂರನೆಯ ಬಗೆ. ಯುರೇನಿಯಮ್ಮೂ ನಾಲ್ಕನೆಯ ಸ್ಥಿತಿಯ ಪ್ಲುಟೋನಿಯಮ್ಮೂ ಎಣ್ಣೆಗೆ ಏರುತ್ತವೆ. ಸೀಸಿಯಮ್ಮು, ಸ್ಟ್ರಾಂಷಿಯಮ್ಮುಗಳು ಆಮ್ಲದಲ್ಲಿಯೇ ಉಳಿಯುತ್ತವೆ. ಅನಂತರದ ಹೆಜ್ಜೆ ಬಹಳ ಸೊಗಸಾದುದು. ಪ್ಲುಟೋನಿಯಮ್ಮನ್ನು ಅಪಕರ್ಷಿಸಿ ಮೂರನೆಯ ಸ್ಥಿತಿಗೆ ತಂದರೆ ಅದಕ್ಕೆ ಎಣ್ಣೆಯ ಸ್ನೇಹ ತಪ್ಪಿ ನೀರಿಗೆ ಮರಳುತ್ತದೆ. ಯುರೇನಿಯಮ್ ಕದಲದೆ ಮೇಲೆಯೇ ಇರುತ್ತದೆ. ಕೊನೆಗೆ ಬಹಳ ತೆಳುವಾದ ನೈಟ್ರಿಕ್ ಆಮ್ಲದಿಂದ ಯುರೇನಿಯಮ್ಮನ್ನೂ ಇಳಿಸುವರು. ಇವೆಲ್ಲವೂ ದಪ್ಪ ಗೋಡೆಗಳ ಹಿಂದೆ, ಮನುಷ್ಯರ ಕೈ ತಾಗದೆ ನಡೆಯಬೇಕು. ಏಕೆಂದರೆ ಪ್ಲುಟೋನಿಯಮ್ಮಿನ ಧೂಳು ಶ್ವಾಸಕೋಶವನ್ನು ಹೊಕ್ಕರೆ ಪ್ರಾಣಾಪಾಯ, ಮತ್ತು ಅದರ ಮುಖ್ಯ ಸಮಸ್ಥಾನಿ ಅರ್ಧಕ್ಕಿಳಿಯಲು ಸುಮಾರು ೨೪,೦೦೦ ವರ್ಷ ಬೇಕು. ಯುರೇನಿಯಮ್ ನೈಟ್ರೇಟ್ ಈಥರಿನಲ್ಲಿ ಕರಗುವುದೆಂಬುದನ್ನು ಫ್ರಾನ್ಸಿನ ಪೆಲಿಗೊ ೧೮೪೨ರಲ್ಲಿಯೇ ಕಂಡಿದ್ದನು. ಅಂದು ಅದು ಕೇವಲ ಒಂದು ಕುತೂಹಲದ ಸಂಗತಿ.

ಈ ವಿಧಾನವನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳುವವರ ಮಾತನ್ನು ನಾವು ಒಪ್ಪಲಾರೆವು. ನಿಷ್ಕರ್ಷಕ ಮತ್ತು ಎಣ್ಣೆಗಳು ಅತ್ಯಲ್ಪವಾಗಿಯಾದರೂ ನೀರಿನಲ್ಲಿ ಕರಗುತ್ತವೆ, ಸಣ್ಣ ಹನಿಗಳಾಗಿಯೂ ಸೇರಿಹೋಗುತ್ತವೆ. ನೀರಿನಲ್ಲಿ ಲೋಹ ತೀರ ಕಡಮೆಯಿದ್ದರೆ, ಅದನ್ನು ತೆಗೆಯುವುದಕ್ಕಿಂತ ಕಳೆದುಹೋದ ಎಣ್ಣೆಯ ಬೆಲೆಯೇ ಹೆಚ್ಚಾದೀತು; ಅಂಥಲ್ಲಿ ಅಯಾನು ವಿನಿಮಯದ ರಾಳಗಳೇ ಮೇಲು. ಕ್ರೋಮಿಯಮ್ ತನ್ನ ಉತ್ಕರ್ಷಣ ಶಕ್ತಿಯಿಂದ ಅಮೀನನ್ನೇ ಮೆಲ್ಲಮೆಲ್ಲನೆ ಕೆಡಿಸುತ್ತದೆ. ಎಣ್ಣೆಯೆಂದ ಮೇಲೆ ಬೆಂಕಿಯ ಭಯವಂತೂ ಇದ್ದೇ ಇದೆ. ಟ್ರೈ ಬ್ಯುಟೈಲ್ ಫಾಸ್ಫೇಟ್ ಮತ್ತು ನೈಟ್ರಿಕ್ ಆಮ್ಲಗಳು ಬಿಸಿಯಲ್ಲಿ ಕೂಡಿ ಬಹುಕಾಲ ನಿಂತರೆ ಸ್ಫೋಟಕ್ಕೆ ಎಡೆಯಾಗುವುದು; ೧೯೯೩ರ ಏಪ್ರಿಲ್ ೬ರಂದು ಸೈಬೀರಿಯದ ತೋಮ್ಸ್ಕ್-೭ ಎಂಬಲ್ಲಿ ಹೀಗೆಯೇ ಒಂದು ತೊಟ್ಟಿ ಸಿಡಿದು ವಿಕಿರಣಶೀಲ ವಸ್ತು ಹೊರಗೆ ಹರಡಿತು. ಟ್ರಾಂಬೆಯಂಥ ಕಡೆ ಆಮ್ಲದಲ್ಲಿ ಉಳಿದ ವಿದಳನಶೇಷಗಳ ವ್ಯವಸ್ಥೆ ಬೇರೆಯೇ ಆಗಬೇಕು; ಅವುಗಳನ್ನು ಗಾಜಿನಲ್ಲಿ ಕರಗಿಸಿ ಗಟ್ಟಿಮಾಡಿ ಉಕ್ಕಿನ ಡಬ್ಬಿಗಳಲ್ಲಿ ಇರಿಸುವರು. ಇತರ ಕಾರ್ಖಾನೆಗಳಲ್ಲಿ, ಲೋಹವನ್ನು ತೆಗೆದ ಮೇಲೆ ಉಳಿದ ನೀರನ್ನು ಕೂಡಲೇ ಹೊರಕ್ಕೆ ಬಿಡದೆ, ತೇಲುವ ಎಣ್ಣೆಯನ್ನು ಕೆನೆಯಂತೆ ತೆಗೆದು, ಇದ್ದಿಲಿನ ಹಾಸಿನ ಮೂಲಕ ಸೋಸಿ, ಆಮ್ಲವನ್ನು ತಟಸ್ಥಗೊಳಿಸಿ, ಮತ್ತೊಮ್ಮೆ ಲೋಹದ ಪ್ರಮಾಣವನ್ನು ಅಳೆದು ನೋಡಿದ ಬಳಿಕವೇ ಚರಂಡಿಯ ಬಾಗಿಲನ್ನು ತೆರೆಯಬೇಕು.